ಹೊಸ ಪಿಸಿಯಲ್ಲಿ ನಿಮ್ಮ ಗೇಮ್ ಓಡುತ್ತದಾ? ಬಿಲ್ ಆಗುವ ಮುಂಚೆ ನೋಡಿಕೊಳ್ಳಲು ಯಾವ ದಾರಿ ಒಳ್ಳೆಯದು

ಅಡಿಕೆ ಮಂಡಿಗೆ ಹೋಗಿ ಮನೆಗೆ ದುಡ್ಡು ಬರುವ ಹೊತ್ತು ಒಂದು, ಇಂಜಿನಿಯರಿಂಗ್ ಕಾಲೇಜು ಶುರುವಾಗುವ ಹೊತ್ತು ಇನ್ನೊಂದು. ಈ ಎರಡು ಸಮಯದಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗರು ಕೊಟೇಶನ್ ಚೀಟಿಯ ಫೋಟೋ ಕಳಿಸಿ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಇದರಲ್ಲಿ ಜಿಟಿಎ ಓಡುತ್ತಾ?" ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಓದಿಗೂ ಆಗಬೇಕು, ಮಗ ಹೇಳುವ ಗೇಮೂ ಓಡಬೇಕು, ಒಂದು ಸಲ ಕೊಟ್ಟ ದುಡ್ಡು ನಾಲ್ಕು ವರ್ಷ ಬಾಳಿಕೆ ಬರಬೇಕು. ನ್ಯಾಯವಾದ ಆಸೆಯೇ.

ಉತ್ತರ ಹುಡುಕುವ ದಾರಿಗಳು ಬೇಕಾದಷ್ಟಿವೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮಿನ ಪೇಜಿನಲ್ಲೇ ಬರೆದಿರುತ್ತದೆ ಎನ್ನುವವರು ಇದ್ದಾರೆ. ಒಂದು ಸೈಟಿಗೆ ಹೋದರೆ ಅದೇ ಚೆಕ್ ಮಾಡಿ ಹೇಳುತ್ತದೆ ಎನ್ನುವವರು, ಯೂಟ್ಯೂಬ್ ನೋಡು ಎನ್ನುವವರು, ಸುಮ್ನೆ ತಗೊಂಡು ಆಡು, ಆಗದಿದ್ದರೆ ರಿಫಂಡ್ ಹಾಕು ಎನ್ನುವವರೂ ಇದ್ದಾರೆ. ಎಲ್ಲರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ನಿಮಗೆ ಯಾವ ದಾರಿ ಸರಿ ಎನ್ನುವುದು ಮುಖ್ಯವಾಗಿ ಎರಡು ವಿಷಯದ ಮೇಲೆ ನಿಂತಿದೆ. ಪಿಸಿ ಈಗಾಗಲೇ ಮನೆಗೆ ಬಂದಿದೆಯಾ, ಇಲ್ಲವಾ? ನಿಮ್ಮ ಮನೆಯ ನೆಟ್ ಎಷ್ಟು ಗಟ್ಟಿ?

ಯಾವ ದಾರಿ ಹಿಡಿದರೂ ಮೊದಲು ಪೂರ್ತಿ ಹೆಸರು ಕೇಳಿ

"ಐ5, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್." ನನಗೆ ಬರುವ ಬಹಳಷ್ಟು ಚೀಟಿಗಳಲ್ಲಿ ಇಷ್ಟೇ ಇರುತ್ತದೆ. ಇಷ್ಟನ್ನು ನೋಡಿ ಯಾರೂ ಏನೂ ಹೇಳುವುದಕ್ಕೆ ಆಗುವುದಿಲ್ಲ. ಮಂಡಿಯಲ್ಲಿ ನಿಂತು "ಅಡಿಕೆ ಇದೆ, ರೇಟು ಹೇಳಿ" ಎಂದರೆ ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ ಅಂತ ಕೇಳದೆ ಯಾರಾದರೂ ರೇಟು ಹೇಳುತ್ತಾರಾ? ಗ್ರಾಫಿಕ್ಸ್ ಕಾರ್ಡೂ ಹಾಗೆಯೇ.

ಒಂದು ಉದಾಹರಣೆ ನೋಡಿ. ಜಿಟಿ 730 ಎಂಬ ಕಾರ್ಡು 2014ರದ್ದು, ಅದರಲ್ಲೂ 4 ಜಿಬಿಯದ್ದು ಸಿಗುತ್ತದೆ. ಜಿಟಿಎಕ್ಸ್ 1650 ಬಂದಿದ್ದು 2019ರಲ್ಲಿ, ಅದೂ 4 ಜಿಬಿ. ಚೀಟಿಯಲ್ಲಿ ಎರಡೂ "4 ಜಿಬಿ ಗ್ರಾಫಿಕ್ಸ್" ಎಂದೇ ಬರುತ್ತವೆ, ಆಡಲು ಕೂತರೆ ಎರಡಕ್ಕೂ ಅಜಗಜಾಂತರ. ಜಿಬಿ ಎನ್ನುವುದು ಕಾರ್ಡಿನ ಮೆಮೊರಿ ಮಾತ್ರ, ಅದರ ಶಕ್ತಿ ಅಲ್ಲ. ಜಿಟಿ 1030ರಲ್ಲಿ ಇನ್ನೂ ಸೂಕ್ಷ್ಮವಾದ ಗೊಂದಲ ಇದೆ. ಜಿಡಿಡಿಆರ್5 ಮೆಮೊರಿಯದ್ದು ಒಂದು, ಡಿಡಿಆರ್4 ಮೆಮೊರಿಯದ್ದು ಇನ್ನೊಂದು, ಎರಡನೆಯದು ಬಹಳ ನಿಧಾನ, ಡಬ್ಬಿಯ ಮೇಲೆ ಹೆಸರು ಮಾತ್ರ ಒಂದೇ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 3050ರಲ್ಲೂ ಹೀಗೇ. 8 ಜಿಬಿಯದ್ದು ಮತ್ತು 6 ಜಿಬಿಯದ್ದು ಅಂದಾಗ ವ್ಯತ್ಯಾಸ ಮೆಮೊರಿಯಲ್ಲಷ್ಟೇ ಎಂದುಕೊಳ್ಳುತ್ತೇವೆ, ಆದರೆ 6 ಜಿಬಿಯದರಲ್ಲಿ ಕೋರ್‌ಗಳೂ ಕಡಿಮೆ.

ಐ5 ಎನ್ನುವ ಹೆಸರು 2009ರಿಂದ ಇದೆ. ಯಾವ ಐ5? 2022ರ ಐ3-12100 ಪ್ರೊಸೆಸರು 2013ರ ಐ7-4770ನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಆ ಇಂಟೆಲ್ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡು ಹಾಕದೆ ಮಾನಿಟರಿನಲ್ಲಿ ಚಿತ್ರವೇ ಬರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಇದು ಮತ್ತೂ ಜಾಸ್ತಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪನ್ನು ಕಂಪನಿಗಳು 35 ವಾಟ್‌ನಿಂದ 115 ವಾಟ್‌ವರೆಗೆ ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಕಡಿಮೆ ವಾಟ್, ದಪ್ಪ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಜಾಸ್ತಿ, ಸ್ಟಿಕರ್ ಮಾತ್ರ ಒಂದೇ. ಹಾಗಾಗಿ ಲ್ಯಾಪ್‌ಟಾಪ್ ಆದರೆ ಕಾರ್ಡಿನ ಹೆಸರಿನ ಜೊತೆ ಟಿಜಿಪಿ (ಗ್ರಾಫಿಕ್ಸ್ ಚಿಪ್ಪಿಗೆ ಕೊಟ್ಟಿರುವ ವಿದ್ಯುತ್ತಿನ ಮಿತಿ) ಎಷ್ಟು ವಾಟ್ ಎಂದೂ ಕೇಳಿ, ಅಂಗಡಿಯಲ್ಲಿ ಗೊತ್ತಿಲ್ಲ ಎಂದರೆ ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡು ಕಂಪನಿಯ ಸೈಟಿನಲ್ಲಿ ನೋಡಿ.

ರ‍್ಯಾಮ್ ಒಂದೇ ಕಡ್ಡಿಯೋ ಎರಡೋ ಎಂದೂ ಬರೆಸಿಕೊಳ್ಳಿ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಗೇಮಿಗೆ ಒಳ್ಳೆಯದು. ಬೇರೆ ಕಾರ್ಡಿಲ್ಲದೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಲ್ಲೇ ಆಡುವವರಿಗಂತೂ ಈ ಒಂದು ಬದಲಾವಣೆಯೇ ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಗ್ರಾಫಿಕ್ಸ್ ಬಳಸುವುದೂ ಅದೇ ರ‍್ಯಾಮನ್ನು.

ಯಾವುದನ್ನು ನೋಡಿ ಅಳೆಯಬೇಕು

ದಾರಿಗಳನ್ನು ಹೋಲಿಸುವಾಗ ನಾನು ನೋಡುವುದು ಇಷ್ಟು. ಪಿಸಿ ಕೊಳ್ಳುವ ಮುಂಚೆಯೇ ಆ ದಾರಿ ಕೆಲಸಕ್ಕೆ ಬರುತ್ತದಾ? ಬರೀ "ಓಡುತ್ತದೆ" ಎನ್ನುತ್ತದಾ, ಅಥವಾ ಎಷ್ಟು ಚೆನ್ನಾಗಿ ಓಡುತ್ತದೆ ಎಂದೂ ಹೇಳುತ್ತದಾ? ಎಷ್ಟು ಡೇಟಾ ಬೇಕು? ತಪ್ಪಿದರೆ ಎಷ್ಟು ದುಡ್ಡು ಹೋಗುತ್ತದೆ? ಕೊನೆಯದಾಗಿ, ಹೇಳಿದ್ದನ್ನು ಎಷ್ಟು ನಂಬಬಹುದು?

ಎರಡನೆಯದನ್ನು ಸ್ವಲ್ಪ ಬಿಡಿಸುತ್ತೇನೆ. ಫ್ರೇಮ್ ಎಂದರೆ ಪರದೆಯ ಮೇಲೆ ಬರುವ ಒಂದೊಂದು ಚಿತ್ರ. ಸೆಕೆಂಡಿಗೆ 30 ಫ್ರೇಮ್ ಬಂದರೂ ಗೇಮ್ ಓಡಿದಂತೆಯೇ, 144 ಬಂದರೂ ಓಡಿದಂತೆಯೇ. ಕಥೆ ಇರುವ ಗೇಮನ್ನು 30ರಲ್ಲಿ ಮುಗಿಸಿದವರು ತುಂಬಾ ಜನ ಇದ್ದಾರೆ. ಅದೇ ವ್ಯಾಲೊರಂಟ್ ಥರದ್ದನ್ನು 30ರಲ್ಲಿ ಆಡಿದರೆ ಎದುರಿನವನು ಕಾಣುವ ಮುಂಚೆ ನೀವು ಸತ್ತಿರುತ್ತೀರಿ. ಹಾಗಾಗಿ ನಿಮಗೆ ಬೇಕಾದ್ದು ಏನು ಎಂದು ಮೊದಲೇ ಒಂದು ಸಾಲು ಬರೆದಿಟ್ಟುಕೊಳ್ಳಿ: ಯಾವ ಗೇಮ್, ಯಾವ ರೆಸಲ್ಯೂಶನ್, ಎಷ್ಟು ಫ್ರೇಮ್. "ಜಿಟಿಎ 5, 1080ಪಿ, 60 ಫ್ರೇಮ್" ಎಂದರೆ ಸಾಕು. ನಿಮ್ಮ ಮಾನಿಟರ್ 60 ಹರ್ಟ್ಸಿನದ್ದಾದರೆ 60ಕ್ಕಿಂತ ಹೆಚ್ಚು ಫ್ರೇಮನ್ನು ಅದು ತೋರಿಸುವುದಿಲ್ಲ. ಹೆಚ್ಚು ಫ್ರೇಮಿಗೆಂದು ದುಡ್ಡು ಸುರಿಯುವ ಮುಂಚೆ ಅದನ್ನೂ ಯೋಚಿಸಿ.

ಸ್ಟೀಮ್ ಪೇಜಿನ ಮಿನಿಮಮ್, ರೆಕಮೆಂಡೆಡ್

ಗೇಮ್ ಓಡಲು ಕನಿಷ್ಠ ಏನು ಬೇಕು, ಚೆನ್ನಾಗಿ ಓಡಲು ಏನು ಬೇಕು ಎಂದು ಕಂಪನಿ ಕೊಡುವ ಪಟ್ಟಿ ಇದು. ಎಲ್ಲರೂ ಶುರು ಮಾಡುವುದು ಇಲ್ಲಿಂದ, ಶುರು ಮಾಡಬೇಕಾದ್ದೂ ಇಲ್ಲಿಂದಲೇ. ಖರ್ಚಿಲ್ಲ, ಡೇಟಾ ಬೇಡ, ಪಿಸಿ ಕೊಳ್ಳುವ ಮುಂಚೆಯೇ ನೋಡಬಹುದು. ಇದು ಚೆನ್ನಾಗಿ ಮಾಡುವ ಕೆಲಸ ಒಂದೇ, ಆಗುವುದೇ ಇಲ್ಲ ಎನ್ನುವುದನ್ನು ಖಚಿತವಾಗಿ ಹೇಳುವುದು. 2024ರ ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್, 2025ರ ಡೂಮ್ ದಿ ಡಾರ್ಕ್ ಏಜಸ್ ಗೇಮ್‌ಗಳಿಗೆ ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ಲೆಕ್ಕ ಹಾಕುವುದು) ಮಾಡುವ ಕಾರ್ಡೇ ಬೇಕು. ಮಿನಿಮಮ್ಮೇ ಆರ್‌ಟಿಎಕ್ಸ್ 2060 ಸೂಪರ್ ಅಥವಾ ಆರ್‌ಎಕ್ಸ್ 6600. ಜಿಟಿಎಕ್ಸ್ ಕಾರ್ಡಿನವರು ಸೆಟ್ಟಿಂಗ್ ಕಡಿಮೆ ಮಾಡಿ ಆಡೋಣ ಎಂದುಕೊಂಡು ಕೊಂಡರೆ ಪ್ರಯೋಜನ ಇಲ್ಲ.

ತೊಂದರೆ ಏನೆಂದರೆ ಮಿನಿಮಮ್ ಎಂದರೆ ಎಷ್ಟು ಫ್ರೇಮ್ ಎಂದು ಬಹಳ ಗೇಮ್‌ಗಳು ಹೇಳುವುದೇ ಇಲ್ಲ. ಹೇಳಿದರೂ ಸಣ್ಣ ಅಕ್ಷರ ಓದಬೇಕು. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್‌ನ ರೆಕಮೆಂಡೆಡ್ ಪಟ್ಟಿಯಲ್ಲಿ 1080ಪಿಯಲ್ಲಿ 60 ಫ್ರೇಮ್ ಎಂದಿದೆ, ಆದರೆ ಅದು ಫ್ರೇಮ್ ಜನರೇಶನ್ ಆನ್ ಮಾಡಿದರೆ. ಫ್ರೇಮ್ ಜನರೇಶನ್ ಎಂದರೆ ನಡುವಿನ ಫ್ರೇಮನ್ನು ಕಾರ್ಡು ತಾನೇ ಸೃಷ್ಟಿಸಿ ತುಂಬುವುದು. ನೋಡಲು ನಯವಾಗಿ ಕಾಣುತ್ತದೆ. ಆದರೆ ಮೌಸ್ ಒತ್ತಿದ್ದಕ್ಕೆ ಗೇಮ್ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ.

ಪಟ್ಟಿಗಳು ಬದಲಾಗುತ್ತವೆ ಎನ್ನುವುದೂ ನೆನಪಿರಲಿ. ಸೈಬರ್‌ಪಂಕ್ 2077 ಗೇಮ್ 2020ರ ಡಿಸೆಂಬರಿನಲ್ಲಿ ಬಂದಾಗ ಮಿನಿಮಮ್ ಜಿಟಿಎಕ್ಸ್ 780, 8 ಜಿಬಿ ರ‍್ಯಾಮ್ ಇತ್ತು. 2023ರಲ್ಲಿ ಅದು ಜಿಟಿಎಕ್ಸ್ 1060ರ 6 ಜಿಬಿ ಕಾರ್ಡು, 12 ಜಿಬಿ ರ‍್ಯಾಮ್, ಜೊತೆಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ಎಂದಾಯಿತು. ಹಳೆಯ ಲೇಖನ, ಹಳೆಯ ಸ್ಕ್ರೀನ್‌ಶಾಟ್ ನಂಬಬೇಡಿ, ಅಂಗಡಿಗೆ ಹೋಗುವ ದಿನವೇ ಸ್ಟೋರ್ ಪೇಜ್ ತೆರೆದು ನೋಡಿ.

ಇನ್ನು ಜಿಟಿಎ. ಪಿಸಿಗೆ ಜಿಟಿಎ 5 ಬಂದಿದ್ದು 2015ರಲ್ಲಿ, ಅದಕ್ಕೆ 4 ಜಿಬಿ ರ‍್ಯಾಮ್ ಮಿನಿಮಮ್ ಆಗಿತ್ತು. 2025ರ ಮಾರ್ಚಿನಲ್ಲಿ ಎನ್‌ಹ್ಯಾನ್ಸ್‌ಡ್ ಎನ್ನುವ ಹೊಸ ಆವೃತ್ತಿ ಬಂತು, ಹಳೆಯದಕ್ಕೆ ಲೆಗಸಿ ಎಂದು ಹೆಸರಾಯಿತು. ಎನ್‌ಹ್ಯಾನ್ಸ್‌ಡ್‌ಗೆ ಜಿಟಿಎಕ್ಸ್ 1630, 8 ಜಿಬಿ ರ‍್ಯಾಮ್ ಮಿನಿಮಮ್, 105 ಜಿಬಿ ಜಾಗ ಎಸ್‌ಎಸ್‌ಡಿಯಲ್ಲೇ ಬೇಕು. "ಜಿಟಿಎ 5 ಓಡುತ್ತಾ" ಎಂದು ಕೇಳುವಾಗ ಯಾವುದು ಎನ್ನುವುದನ್ನೂ ಹೇಳಿ. ಜಿಟಿಎ 6 ಬಗ್ಗೆ ಕೇಳುವವರಿಗೆ: ಇದನ್ನು ಬರೆಯುವ ಹೊತ್ತಿಗೆ ಕಂಪನಿ ಹೇಳಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಹೆಸರು ಮಾತ್ರ. ಅದಕ್ಕಾಗಿಯೇ ಈಗ ಪಿಸಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ತಾನೇ ಚೆಕ್ ಮಾಡಿ ಹೇಳುವ ಸೈಟುಗಳು

ಕ್ಯಾನ್ ಯು ರನ್ ಇಟ್ ಎನ್ನುವುದು ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಒಂದು ಚಿಕ್ಕ ಪ್ರೋಗ್ರಾಂ ಇಳಿಸಿಕೊಂಡು ಓಡಿಸಿದರೆ ನಿಮ್ಮ ಪಿಸಿಯ ಭಾಗಗಳನ್ನು ಪತ್ತೆ ಮಾಡಿ, ಗೇಮಿನ ಪಟ್ಟಿಯ ಜೊತೆ ಹೋಲಿಸಿ, ಪಾಸೋ ಫೇಲೋ ಹೇಳುತ್ತದೆ. ಕಂಪ್ಯೂಟರ್ ಭಾಗಗಳ ಹೆಸರು ಓದಿ ತಲೆ ತಿರುಗುವ ಅಪ್ಪ ಅಮ್ಮನಿಗೆ ಇದು ನಿಜಕ್ಕೂ ಉಪಕಾರ.

ಆದರೆ ಇದು ಹೋಲಿಸುವುದು ಅದೇ ಮಿನಿಮಮ್, ರೆಕಮೆಂಡೆಡ್ ಪಟ್ಟಿಯ ಜೊತೆ. ಪಟ್ಟಿಯ ಮಿತಿ ಇಲ್ಲಿಯೂ ಹಾಗೇ ಉಳಿಯುತ್ತದೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಕೆಲವು ಸಲ ಪ್ರೊಸೆಸರಿನ ಒಳಗಿನದನ್ನೇ ಹಿಡಿದು ಫೇಲ್ ಎನ್ನುತ್ತದೆ, ಗಾಬರಿಯಾಗಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿದರೆ ಎರಡೂ ಕಾರ್ಡಿನ ಹೆಸರು ಕಾಣುತ್ತದೆ. ಮುಖ್ಯವಾಗಿ, ಇನ್ನೂ ಕೊಳ್ಳದ ಪಿಸಿಯನ್ನು ಇದು ಪತ್ತೆ ಮಾಡಲಾರದು. ಮನೆಯಲ್ಲಿ ಈಗಾಗಲೇ ಪಿಸಿ ಇದ್ದು, ಹೊಸ ಗೇಮ್ ತಗೊಳ್ಳುವವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಯೂಟ್ಯೂಬ್ ಬೆಂಚ್‌ಮಾರ್ಕ್

ಬೆಂಚ್‌ಮಾರ್ಕ್ ಎಂದರೆ ವೇಗ ಅಳೆಯುವ ಪರೀಕ್ಷೆ. ಪಿಸಿ ಇನ್ನೂ ಕೊಳ್ಳದವರಿಗೆ ನನ್ನ ಓಟು ಇದರ ವಿಡಿಯೋಗಳಿಗೇ. ಕಾರ್ಡಿನ ಪೂರ್ತಿ ಹೆಸರು, ಪ್ರೊಸೆಸರಿನ ಪೂರ್ತಿ ಹೆಸರು, ಗೇಮಿನ ಹೆಸರು, 1080ಪಿ, ಈ ನಾಲ್ಕನ್ನೂ ಸೇರಿಸಿ ಹುಡುಕಿ. ಯಾರೋ ಒಬ್ಬರು ಅದೇ ಜೋಡಿಯಲ್ಲಿ ಅದೇ ಗೇಮ್ ಆಡಿ ತೋರಿಸಿರುತ್ತಾರೆ. ಎಷ್ಟು ಫ್ರೇಮ್ ಬರುತ್ತದೆ, ಎಲ್ಲಿ ತಡವರಿಸುತ್ತದೆ, ಎಷ್ಟು ಬಿಸಿಯಾಗುತ್ತದೆ, ಎಲ್ಲ ಕಣ್ಣಾರೆ ಕಾಣುತ್ತದೆ. ಖರ್ಚು ಸ್ವಲ್ಪ ಮೊಬೈಲ್ ಡೇಟಾ ಅಷ್ಟೇ.

ಕಣ್ಣು ತೆರೆದು ನೋಡಬೇಕು ಅನ್ನುವುದೊಂದೇ ಷರತ್ತು, ಏಕೆಂದರೆ ಇಲ್ಲಿ ಸುಳ್ಳೂ ಇದೆ. ಗೇಮ್ ವಿಡಿಯೋದ ಮೂಲೆಯಲ್ಲಿ ಅಂಕಿ ಅಂಟಿಸಿ ಬೆಂಚ್‌ಮಾರ್ಕ್ ಎನ್ನುವ ಚಾನೆಲ್‌ಗಳಿವೆ. ಮುಖ ತೋರಿಸದೆ, ಕಾರ್ಡು ಕೈಯಲ್ಲಿ ಹಿಡಿಯದೆ, ಹತ್ತಾರು ಕಾರ್ಡುಗಳ ಅಂಕಿಯನ್ನು ಪಕ್ಕಪಕ್ಕ ಇಡುವವರ ಮೇಲೆ ನನಗೆ ಅನುಮಾನ. ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್, ಗೇಮರ್ಸ್ ನೆಕ್ಸಸ್, ಡಿಜಿಟಲ್ ಫೌಂಡ್ರಿ ಥರದವರು ಹೇಗೆ ಅಳೆದೆವು ಎಂದೂ ಹೇಳುತ್ತಾರೆ, ಅವರನ್ನು ನಂಬಬಹುದು.

ಆದರೆ ಒಳ್ಳೆಯವರ ವಿಡಿಯೋದಲ್ಲೂ ನಮ್ಮಂಥವರು ಎಡವುವ ಒಂದು ಜಾಗ ಇದೆ. ಗ್ರಾಫಿಕ್ಸ್ ಕಾರ್ಡನ್ನು ಪರೀಕ್ಷಿಸುವಾಗ ಅವರು ಬಹಳ ಬಲವಾದ ಪ್ರೊಸೆಸರ್ ಹಾಕುತ್ತಾರೆ, ರೈಜನ್ 7 7800ಎಕ್ಸ್3ಡಿ ಥರದ್ದು. ಕಾರ್ಡಿಗೆ ಪ್ರೊಸೆಸರ್ ಅಡ್ಡಿಯಾಗಬಾರದು ಎನ್ನುವುದು ಅವರ ಉದ್ದೇಶ, ಅದು ಸರಿಯೇ. ಆದರೆ ಅದೇ ಕಾರ್ಡನ್ನು ನೀವು ಹಳೆಯ ಅಥವಾ ಅಗ್ಗದ ಪ್ರೊಸೆಸರಿನ ಜೊತೆ ಹಾಕಿದಾಗ ಅಷ್ಟು ಫ್ರೇಮ್ ಬರಬೇಕೆಂದಿಲ್ಲ. ಕೌಂಟರ್ ಸ್ಟ್ರೈಕ್ 2, ವ್ಯಾಲೊರಂಟ್ ಥರದ ಗೇಮ್‌ಗಳಲ್ಲಿ ಪ್ರೊಸೆಸರ್ ಭಾರ ಜಾಸ್ತಿ, ಅಲ್ಲಿ ಈ ವ್ಯತ್ಯಾಸ ದೊಡ್ಡದಾಗಿಯೇ ಕಾಣುತ್ತದೆ. ಹಾಗಾಗಿ ಕಾರ್ಡಿನ ವಿಡಿಯೋ ಒಂದು, ಪ್ರೊಸೆಸರಿನ ವಿಡಿಯೋ ಒಂದು ನೋಡಿ, ಎರಡರಲ್ಲಿ ಕಡಿಮೆ ಬಂದ ಅಂಕಿಯನ್ನೇ ನಿಮ್ಮದು ಎಂದುಕೊಳ್ಳಿ.

ಸರಾಸರಿ ಫ್ರೇಮಿನ ಪಕ್ಕದಲ್ಲಿ "1% ಲೋ" ಎಂಬ ಅಂಕಿಯೂ ಇರುತ್ತದೆ. ತೀರಾ ಕೆಟ್ಟ ಕ್ಷಣಗಳಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎನ್ನುವ ಲೆಕ್ಕ ಅದು. ಸರಾಸರಿ 70 ಇದ್ದು ಇದು 25 ಇದ್ದರೆ ಆಡುವಾಗ ಜಗ್ಗಿ ಜಗ್ಗಿ ಬಂದಂತೆ ಆಗುತ್ತದೆ. ಸರಾಸರಿ 60, ಇದು 48 ಇದ್ದರೆ ನೆಮ್ಮದಿಯಾಗಿ ಆಡಬಹುದು. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ (ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸುವ ತಂತ್ರಗಳು) ಆನ್ ಆಗಿದೆಯಾ ಎಂದೂ ಗಮನಿಸಿ.

ಉಚಿತ ಬೆಂಚ್‌ಮಾರ್ಕ್ ಮತ್ತು ಡೆಮೊ

ಇದು ಎಲ್ಲಕ್ಕಿಂತ ನಂಬಿಕೆಯದ್ದು. ನಿಮ್ಮದೇ ಪಿಸಿ, ಅದೇ ಗೇಮಿನ ಇಂಜಿನ್, ಒಂದು ಪೈಸೆ ಖರ್ಚಿಲ್ಲ. ಬ್ಲ್ಯಾಕ್ ಮಿತ್ ವುಕಾಂಗ್ 2024ರ ಆಗಸ್ಟಿನಲ್ಲಿ ಬಂತಲ್ಲ, ಅದಕ್ಕೆ ಒಂದು ವಾರ ಮುಂಚೆಯೇ ಉಚಿತ ಬೆಂಚ್‌ಮಾರ್ಕ್ ಟೂಲ್ ಸ್ಟೀಮಿನಲ್ಲಿ ಬಿಟ್ಟಿದ್ದರು. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್‌ಗೂ ಹಾಗೆಯೇ ಬಿಟ್ಟರು. ಪೂರ್ತಿ ಗೇಮಿಗೆ 100 ಜಿಬಿ ದಾಟುವ ಕಾಲದಲ್ಲಿ ಇವು ಅದಕ್ಕಿಂತ ಎಷ್ಟೋ ಚಿಕ್ಕವು. ಇಂಥದ್ದು ಎಲ್ಲ ಗೇಮಿಗೂ ಇರುವುದಿಲ್ಲ ಎನ್ನುವುದೇ ಕೊರತೆ. ಸೈಬರ್‌ಪಂಕ್, ರೆಡ್ ಡೆಡ್ ರಿಡೆಂಪ್ಶನ್ 2, ಫೋರ್ಜಾ ಹೊರೈಜನ್ 5 ಇವುಗಳ ಒಳಗೇ ಬೆಂಚ್‌ಮಾರ್ಕ್ ಇದೆ, ಆದರೆ ಗೇಮ್ ಕೊಂಡಿರಬೇಕು.

ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಹೇಗೂ ಉಚಿತ, ಅವಕ್ಕೆ ಬೇರೆ ಡೆಮೊ ಬೇಡ. ಆದರೆ ಅಲ್ಲೊಂದು ಬೇರೆಯೇ ತೊಡಕಿದೆ. ಪಿಸಿ ಎಷ್ಟೇ ಬಲವಾಗಿರಲಿ, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆ ಆನ್ ಇಲ್ಲದಿದ್ದರೆ ವ್ಯಾಲೊರಂಟ್ ತೆರೆಯುವುದೇ ಇಲ್ಲ. ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ. ಅಸೆಂಬಲ್ ಮಾಡಿದ ಹೊಸ ಪಿಸಿಯಲ್ಲಿ ಇವು ಬಯೋಸ್‌ನಲ್ಲಿ (ವಿಂಡೋಸ್ ತೆರೆಯುವ ಮುಂಚಿನ ಸೆಟ್ಟಿಂಗ್ ಪುಟ) ಆಫ್ ಆಗಿ ಉಳಿದಿರುವುದುಂಟು. ಅಂಗಡಿಯಲ್ಲೇ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಸೆಕ್ಯೂರ್ ಬೂಟ್ ಆನ್ ಇದೆಯಾ ನೋಡಿ, ಇಲ್ಲದಿದ್ದರೆ ಅವರ ಕೈಯಲ್ಲೇ ಮಾಡಿಸಿಕೊಳ್ಳಿ. ಹೊಸನಗರಕ್ಕೆ ತಗೊಂಡು ಹೋದ ಮೇಲೆ ಫೋನಿನಲ್ಲಿ ಬಯೋಸ್ ಹೇಳಿಸಿಕೊಂಡು ಮಾಡುವುದು ಬಹಳ ಕಷ್ಟ.

ಕೊಂಡು ನೋಡಿ ರಿಫಂಡ್ ಹಾಕುವುದು

ಸ್ಟೀಮಿನ ನಿಯಮ ಸ್ಪಷ್ಟ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಪೂರ್ತಿ ದುಡ್ಡು ವಾಪಸ್. ಒಪ್ಪಿಗೆಯಾದ ಮೇಲೆ ಒಂದು ವಾರದೊಳಗೆ ಬರುತ್ತದೆ. ಇಳಿಸಿಕೊಳ್ಳುವ ಸಮಯ ಇದಕ್ಕೆ ಸೇರುವುದಿಲ್ಲ.

ಆದರೆ ಗೇಮ್ ತೆರೆದ ಮೇಲೆ ಶೇಡರ್ (ಕಾರ್ಡು ಚಿತ್ರ ಬಿಡಿಸಲು ಬಳಸುವ ಸಣ್ಣ ಪ್ರೋಗ್ರಾಂಗಳು) ತಯಾರಾಗುವ ಸಮಯ ಸೇರುತ್ತದೆ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಗೇಮ್ 2023ರ ಮಾರ್ಚಿನಲ್ಲಿ ಪಿಸಿಗೆ ಬಂದಾಗ ಎಷ್ಟೋ ಜನರಿಗೆ ಆಡುವ ಮುಂಚೆ ಶೇಡರ್ ಕಾಯುವುದರಲ್ಲೇ ಆ 2 ಗಂಟೆಯ ದೊಡ್ಡ ಪಾಲು ಹೋಗಿತ್ತು. ಹಾಗಾಗಿ ಗೇಮ್ ತೆರೆದ ಕೂಡಲೇ ಕಥೆಯಲ್ಲಿ ಮುಳುಗಬೇಡಿ. ಸೆಟ್ಟಿಂಗ್ ಹಾಕಿ, ಫ್ರೇಮ್ ಕೌಂಟರ್ ಆನ್ ಮಾಡಿ, ಜನ ಜಾಸ್ತಿ ಇರುವ ಅಥವಾ ಹೊಡೆದಾಟ ಇರುವ ಜಾಗಕ್ಕೆ ಹೋಗಿ ನೋಡಿ. ಗಡಿಯಾರ 1 ಗಂಟೆ ದಾಟುವ ಮುಂಚೆ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡಿ. ಇದನ್ನೇ ಚಟ ಮಾಡಿಕೊಂಡರೆ ಸ್ಟೀಮ್ ರಿಫಂಡ್ ಕೊಡುವುದನ್ನು ನಿಲ್ಲಿಸಬಹುದು, ಅದನ್ನು ಅವರೇ ಬರೆದಿದ್ದಾರೆ.

ನಮ್ಮ ಕಡೆ ಈ ದಾರಿಯ ನಿಜವಾದ ಬೆಲೆ ಡೇಟಾ. ಲೆಕ್ಕ ಹಾಕಿ: 100 ಜಿಬಿ ಗೇಮ್, 40 ಎಂಬಿಪಿಎಸ್ ಫೈಬರ್ ಆದರೆ ಐದೂವರೆ ಗಂಟೆ. ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆ ಸಿದ್ಧ. ನಡುವೆ ಕರೆಂಟು ಹೋದರೂ ಸ್ಟೀಮ್ ನಿಂತಲ್ಲಿಂದ ಮುಂದುವರಿಸುತ್ತದೆ. ಅದೇ ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕಾದರೆ 50 ದಿನ, ರಿಫಂಡಿನ 14 ದಿನ ಎಂದೋ ಮುಗಿದಿರುತ್ತದೆ. ಫೈಬರ್ ಇಲ್ಲದ ಹಳ್ಳಿಯವರಿಗೆ ಈ ದಾರಿಯನ್ನು ಹೇಳುವುದಿಲ್ಲ. ಗೆಳೆಯರ ಬಳಿ ಅದೇ ಗೇಮ್ ಸ್ಟೀಮಿನಲ್ಲಿದ್ದರೆ ಮಾತ್ರ ವಿಷಯ ಬೇರೆ. ಗೇಮಿನ ಫೋಲ್ಡರನ್ನು ಹಾರ್ಡ್ ಡಿಸ್ಕಿನಲ್ಲಿ ತಂದು ನಿಮ್ಮ ಸ್ಟೀಮ್ ಫೋಲ್ಡರಿಗೆ ಹಾಕಿ ಇನ್‌ಸ್ಟಾಲ್ ಒತ್ತಿದರೆ, ಇರುವ ಫೈಲನ್ನು ಪರಿಶೀಲಿಸಿ ಉಳಿದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ಗೇಮನ್ನು ನೀವೂ ಕೊಂಡಿರಬೇಕು ಅಷ್ಟೇ.

ಅಂಗಡಿಯಲ್ಲೇ ಓಡಿಸಿ ನೋಡುವುದು

ಊರಿನ ಅಂಗಡಿಯಲ್ಲಿ ಕೊಳ್ಳುವುದರ ದೊಡ್ಡ ಲಾಭ ಇದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಥವಾ ಆನ್‌ಲೈನಿನಲ್ಲಿ ಕೆಲವು ಭಾಗ ಅಗ್ಗವಾಗಿ ಸಿಗಬಹುದು, ಆದರೆ ಕಾರ್ಡು ಕೈಕೊಟ್ಟರೆ ಮತ್ತೆ ಅಲ್ಲಿಗೇ ಕಳಿಸಬೇಕು. ಶಿವಮೊಗ್ಗದಲ್ಲಿ ಅಸೆಂಬಲ್ ಮಾಡಿಸಿದರೆ ದುಡ್ಡು ಪೂರ್ತಿ ಕೊಡುವ ಮುಂಚೆ ಅಲ್ಲೇ ಅರ್ಧ ಗಂಟೆ ಕೂತು ಓಡಿಸಿ ನೋಡಬಹುದು. ಮರ್ಯಾದೆಯಿಂದ ಕೇಳಿದರೆ ಯಾವ ಒಳ್ಳೆಯ ಅಂಗಡಿಯವರೂ ಬೇಡ ಎನ್ನುವುದಿಲ್ಲ, ಬೇಡ ಎಂದರೆ ಅದೂ ಒಂದು ಉತ್ತರವೇ.

ಗೇಮ್ ಇಳಿಸಲು ಅಲ್ಲಿ ಹೊತ್ತಿರುವುದಿಲ್ಲ. ಯುನಿಜಿನ್ ಸೂಪರ್‌ಪೊಸಿಷನ್ ಎಂಬ ಉಚಿತ ಬೆಂಚ್‌ಮಾರ್ಕನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಅದಕ್ಕೆ ಲಾಗಿನ್ ಬೇಡ. ಬಂದ ಸ್ಕೋರನ್ನು ಅದೇ ಕಾರ್ಡಿಗೆ ಬೇರೆಯವರಿಗೆ ಬಂದ ಸ್ಕೋರಿನ ಜೊತೆ ಹೋಲಿಸಿ. ತುಂಬಾ ಕಡಿಮೆ ಬಂದರೆ ಅಲ್ಲೇ ಕೇಳಬಹುದು. ಇದು ನಿಮ್ಮ ಗೇಮಿನ ಫ್ರೇಮ್ ಹೇಳುವುದಿಲ್ಲ, ಕಾರ್ಡು ಆರೋಗ್ಯವಾಗಿದೆಯಾ ಎಂದು ಹೇಳುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡಾದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಪ್ರೋಗ್ರಾಂ ಕೂಡ ಓಡಿಸಲೇಬೇಕು. ಹಳೆಯ ಅಗ್ಗದ ಚಿಪ್ಪಿಗೆ ದೊಡ್ಡ ಕಾರ್ಡಿನ ಹೆಸರು ತುಂಬಿಸಿ ಮಾರುವ ದಂಧೆ ಇದೆ, ಅಂಥ ಎನ್‌ವಿಡಿಯಾ ಕಾರ್ಡುಗಳನ್ನು ಪತ್ತೆ ಮಾಡಿ ಹೆಸರಿನ ಮುಂದೆ ಫೇಕ್ ಎಂದು ತೋರಿಸುವ ವ್ಯವಸ್ಥೆ ಅದರಲ್ಲಿದೆ.

ಹಾಗಾದರೆ ಯಾರಿಗೆ ಯಾವುದು

ಓದಿಗೆ ಲ್ಯಾಪ್‌ಟಾಪ್, ನಡುನಡುವೆ ವ್ಯಾಲೊರಂಟ್, ಬಜೆಟ್ ಬಿಗಿ ಎನ್ನುವವರು ತಲೆ ಕೆಡಿಸಿಕೊಳ್ಳುವುದು ಬೇಡ. ವ್ಯಾಲೊರಂಟ್ 60 ಫ್ರೇಮಿಗೆ ಕಂಪನಿಯೇ ಕೇಳುವುದು ಐ3-4150, ಜಿಟಿ 730 ಥರದ್ದು. ಈಗಿನ ರೈಜನ್ 5 ಅಥವಾ ಐ5ನ ಒಳಗಿನ ಗ್ರಾಫಿಕ್ಸೇ ಸಾಕು, ರ‍್ಯಾಮ್ ಎರಡು ಕಡ್ಡಿ ಇರಲಿ. ಸ್ಟೀಮ್ ಅಥವಾ ಕಂಪನಿ ಪೇಜ್, ಜೊತೆಗೆ ಒಂದು ಯೂಟ್ಯೂಬ್ ವಿಡಿಯೋ. ಬೇರೆ ಏನೂ ಬೇಡ.

ಮಧ್ಯಮ ಬಜೆಟ್ಟಿನ ಡೆಸ್ಕ್‌ಟಾಪ್, ಜಿಟಿಎ, ಸೈಬರ್‌ಪಂಕ್ ಥರದ್ದು 1080ಪಿಯಲ್ಲಿ ಎನ್ನುವವರು ಯೂಟ್ಯೂಬಿಗೆ ಒಂದು ಸಂಜೆ ಪೂರ್ತಿ ಕೊಡಿ. ಇಲ್ಲಿ ದುಡ್ಡು ಹೋಗುವುದು ಕಾರ್ಡಿಗೆ, ಕಾರ್ಡು ಆಯ್ಕೆ ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದೂ ಪ್ರಯೋಜನ ಇಲ್ಲ. ಐ7 ಮತ್ತು ಸಣ್ಣ ಕಾರ್ಡಿನ ಜೋಡಿಗಿಂತ ಈಗಿನ ಐ3 ಅಥವಾ ಐ5 ಮತ್ತು 8 ಜಿಬಿಯ ಒಳ್ಳೆಯ ಕಾರ್ಡಿನ ಜೋಡಿ ಗೇಮಿಗೆ ಲೇಸು. ಎಡಿಟಿಂಗ್ ಥರದ ಕೆಲಸವೂ ಇದೆ ಎಂದರೆ ಮಾತ್ರ ಪ್ರೊಸೆಸರಿನ ಕಡೆ ಸ್ವಲ್ಪ ವಾಲಿ. ಆಮೇಲೆ ಅಂಗಡಿಯಲ್ಲಿ ಓಡಿಸಿ ನೋಡಿ.

ಬಜೆಟ್ ದೊಡ್ಡದು, ಹೊಸ ಗೇಮ್ ಬಂದ ದಿನವೇ ಆಡಬೇಕು ಎನ್ನುವವರಿಗೆ ಉಚಿತ ಬೆಂಚ್‌ಮಾರ್ಕ್ ಮತ್ತು ರಿಫಂಡ್ ದಾರಿಯೇ ಸರಿ. ಅವರಿಗೆ ಕಾರ್ಡಿನ ಚಿಂತೆ ಕಡಿಮೆ, ಬಿಡುಗಡೆಯ ದಿನ ಗೇಮೇ ಸರಿಯಿಲ್ಲದೆ ಬರುವ ಚಿಂತೆ ಜಾಸ್ತಿ.

ನಮ್ಮ ಕಡೆಯವರು ಇನ್ನೊಂದಿಷ್ಟು ನೋಡಬೇಕು

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ನಮಗೆ ಹೊಸತಲ್ಲ. ಆಡುತ್ತಿರುವಾಗ ಪಿಸಿ ಕೆಡಬಾರದು ಎಂದರೆ ಯುಪಿಎಸ್ ಬೇಕು, ಅದನ್ನು ವಿಎ ನೋಡಿ ಕೊಳ್ಳಬೇಡಿ, ವಾಟ್ ನೋಡಿ. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಕಾಲೇಜು ಕೆಲಸಕ್ಕೆ ಅದು ಧಾರಾಳ. ದೊಡ್ಡ ಕಾರ್ಡಿನ ಪಿಸಿ, ಮಾನಿಟರ್ ಎರಡೂ ಸೇರಿ ಗೇಮ್ ಓಡುವಾಗ ಅದನ್ನು ದಾಟಬಹುದು, ಆಗ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೂಡ ಬಿದ್ದುಬಿಡುತ್ತದೆ. 1000 ವಿಎ ಮೇಲಿನದು ನೋಡಿ. ಮೇ ತಿಂಗಳ ಗುಡುಗು ಸಿಡಿಲಿಗೆ ಯುಪಿಎಸ್ ಕಾಪಾಡುತ್ತದೆ ಎಂದು ಕೂರಬೇಡಿ, ಪ್ಲಗ್ಗನ್ನೂ ಲ್ಯಾನ್ ವಯರನ್ನೂ ಕಿತ್ತಿಡಿ. ಇದರ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಬೇಕು.

ನೆಟ್ ಹೋದ ದಿನವೂ ಆಡಬೇಕು ಎಂದರೆ ಗೇಮ್ ಆಫ್‌ಲೈನ್ ಓಡುತ್ತದಾ ಎಂದು ಸ್ಟೋರ್ ಪೇಜಿನಲ್ಲಿ ಓದಿ. ಒಬ್ಬರೇ ಆಡುವ ಗೇಮ್‌ಗಳಲ್ಲೂ ಕೆಲವಕ್ಕೆ ನೆಟ್ ಬೇಕೇ ಬೇಕು. ಆನ್‌ಲೈನ್ ಗೇಮಿನಲ್ಲಿ ಪಿಂಗ್ (ಗೇಮಿನ ಸರ್ವರಿಗೆ ಹೋಗಿ ಬರುವ ತಡ) ಜಾಸ್ತಿ ಇದ್ದರೆ ಅದನ್ನು ದುಬಾರಿ ಕಾರ್ಡು ಸರಿ ಮಾಡುವುದಿಲ್ಲ. ಗೆಳೆಯನ ಮನೆಯಲ್ಲಿ ಇರುವ ನೆಟ್ ಯಾವುದು, ಪಿಂಗ್ ಎಷ್ಟು ಬರುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಿಕೊಂಡು ಬನ್ನಿ.

ಈಗ ಒಳ್ಳೆಯ ಕಾರ್ಡಿಗೆ ದುಡ್ಡು ಸಾಲದಿದ್ದರೆ ಜಿಟಿ 730 ಥರದ್ದನ್ನು ಹಾಕಿಸಿಕೊಳ್ಳಬೇಡಿ. ರೈಜನ್ 5 5600ಜಿ ಅಥವಾ 8600ಜಿ ಥರ ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತಗೊಂಡು, ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಮಾತ್ರ ಒಳ್ಳೆಯ ಕಂಪನಿಯದ್ದು, ಮುಂದೆ ಕಾರ್ಡು ತಡೆಯುವಷ್ಟು ವಾಟಿನದ್ದು ಹಾಕಿಸಿ. ಜಿಟಿಎ 5 ಲೆಗಸಿ, ವ್ಯಾಲೊರಂಟ್ ಅದರಲ್ಲೇ ಓಡುತ್ತವೆ. ಮುಂದಿನ ಫಸಲಿಗೆ ಕಾರ್ಡು ಒಂದನ್ನೇ ಕೊಂಡು ಸೇರಿಸಿದರೆ ಆಯಿತು. ಆಗ 5600ಜಿ ಮಟ್ಟದ ಪ್ರೊಸೆಸರಿಗೆ ಆ ಕಾರ್ಡು ಹೇಗೆ ಹೊಂದುತ್ತದೆ ಎಂದು ಹೊಸದಾಗಿ ವಿಡಿಯೋ ನೋಡಿ ತಗೊಳ್ಳಿ.